ಲೇಸಿಕ್ ಅಂದರೆ ಬರೀ ಲೇಸರ್ ಅಲ್ಲ

"ಅತ್ತೆಗೆ ಪೊರೆ ಬಂದಿತ್ತು, ಲೇಸಿಕ್ ಮಾಡಿಸಿದೆವು, ಈಗ ಆರಾಮಾಗಿ ಪೇಪರ್ ಓದುತ್ತಾರೆ." ಈ ಥರದ ಮಾತು ಈ ತಿಂಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದು ನಾಲ್ಕನೇ ಸಲ. ಅತ್ತೆ ಪೇಪರ್ ಓದುತ್ತಿರುವುದು ಸಂತೋಷವೇ. ಆದರೆ ಅವರಿಗೆ ಆದದ್ದು ಲೇಸಿಕ್ ಅಲ್ಲ. ಲೇಸಿಕ್ ಅನ್ನುವುದು ಕನ್ನಡಕ ಬಿಡಲು ಮಾಡಿಸುವ ಆಪರೇಷನ್, ಪೊರೆಗೆ ಅದನ್ನು ಮಾಡುವುದಿಲ್ಲ. ಪೊರೆ ಅಂದರೆ ಕಣ್ಣಿನೊಳಗಿನ ಲೆನ್ಸ್ ಮಬ್ಬಾಗುವುದು. ಅದನ್ನು ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಿಂದ ಪುಡಿಮಾಡಿ, ಹೀರಿ ತೆಗೆದು, ಆ ಜಾಗದಲ್ಲಿ ಹೊಸ ಲೆನ್ಸ್ ಕೂರಿಸುತ್ತಾರೆ. ಅಂದರೆ ಹೆಚ್ಚಿನ ಸಲ ಅಲ್ಲಿ ಲೇಸರೇ ಇರುವುದಿಲ್ಲ, ಇನ್ನು ಲೇಸಿಕ್ ಎಲ್ಲಿಂದ ಬಂತು?

ಪದ ತಪ್ಪಿದರೆ ಏನು ಮಹಾ ಅನ್ನಬೇಡಿ. "ಕಣ್ಣಿಗೆ ಲೇಸರ್ ಮಾಡಿಸಲು ಎಷ್ಟಾಗುತ್ತೆ?" ಅಂತ ಒಬ್ಬರು ಕೇಳುತ್ತಾರೆ. ಹತ್ತು ಜನ ಹತ್ತು ಮೊತ್ತ ಹೇಳುತ್ತಾರೆ. ಒಬ್ಬರು ಹೇಳಿದ್ದು ಸಕ್ಕರೆ ಕಾಯಿಲೆಯಿಂದ ಹಾಳಾದ ರೆಟಿನಾಗೆ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರಕ್ಕೆ) ಕೊಡುವ ಲೇಸರ್. ಇನ್ನೊಬ್ಬರದು ಪೊರೆ ಆಪರೇಷನ್ ಆದ ಮೇಲೆ ಹೊಸ ಲೆನ್ಸಿನ ಹಿಂದಿನ ಪದರ ಮಬ್ಬಾದಾಗ ಐದು ನಿಮಿಷದಲ್ಲಿ ಮುಗಿಸುವ ಲೇಸರ್. ಮತ್ತೊಬ್ಬರದು ಕಣ್ಣಿನ ಒತ್ತಡಕ್ಕೆ ಮಾಡಿದ್ದು. ಕೇಳಿದವರಿಗೆ ಬೇಕಿದ್ದದ್ದು ಕನ್ನಡಕ ಬಿಡುವ ಆಪರೇಷನ್. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಎಲ್ಲದರ ಬೆಲೆಯೂ ಒಂದೇ ಅನಿಸುತ್ತದೆ, ಎಲ್ಲದರ ಭಯವೂ ಒಂದೇ ಆಗಿಬಿಡುತ್ತದೆ.

ಹಾಗಾಗಿ ಪದವನ್ನೇ ಬಿಡಿಸಿ ನೋಡೋಣ. ಲೇಸಿಕ್ ಐದು ಅಕ್ಷರಗಳ ಸಂಕ್ಷಿಪ್ತ ರೂಪ: ಲೇಸರ್ ಅಸಿಸ್ಟೆಡ್ ಇನ್ ಸಿಟು ಕೆರಟೋಮಿಲ್ಯೂಸಿಸ್. (ನಮ್ಮ "ಲೇಸು"ಗೂ ಇದಕ್ಕೂ ಸಂಬಂಧವಿಲ್ಲ, ಜಾಹೀರಾತು ಬರೆಯುವವರು ಇದನ್ನಿನ್ನೂ ಕಂಡುಹಿಡಿದಿಲ್ಲ ಅಂದುಕೊಂಡಿದ್ದೇನೆ.) ಲೇಸರ್ ಅನ್ನುವುದೇ ಒಂದು ಸಂಕ್ಷಿಪ್ತ ಪದ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದು ಇನ್ನೊಂದು. ಜೊತೆಗೆ ಇಂಗ್ಲಿಷ್, ಲ್ಯಾಟಿನ್, ಗ್ರೀಕ್ ಮೂರನ್ನೂ ಕಲಸಿದ್ದಾರೆ. ನಮ್ಮ ವ್ಯಾಕರಣದ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಅರಿಸಮಾಸ ಅಂತ ಕೆಂಪು ಗೆರೆ ಬೀಳುತ್ತಿತ್ತು.

ಎಲ್ಲರೂ ಹಿಡಿದುಕೊಂಡಿರುವುದು ಮೊದಲ ಪದವನ್ನು. ಇಡೀ ಹೆಸರಿನ ಜೀವ ಇರುವುದು ಕೊನೆಯ ಪದದಲ್ಲಿ. ಗ್ರೀಕ್‌ನಲ್ಲಿ ಕೆರಾಸ್ ಅಂದರೆ ಕೊಂಬು. ಕೂದಲಿಗೆ ಕೆರಟಿನ್ ಮಾಡಿಸುತ್ತಾರಲ್ಲ, ಆ ಕೆರಟಿನ್ ಕೂಡ ಇದೇ ಬೇರಿನದು. ಕಾರ್ನಿಯಾ ಅನ್ನುವ ಹೆಸರೂ ಲ್ಯಾಟಿನ್‌ನ ಕೊಂಬಿನಿಂದಲೇ ಬಂದದ್ದು. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರಕ್ಕೂ ಕೊಂಬಿಗೂ ಏನು ನಂಟು ಅಂತ ಕೇಳಬಹುದು. ಕೊಂಬನ್ನು ತೆಳ್ಳಗೆ ಸೀಳಿದರೆ ಬೆಳಕು ದಾಟುತ್ತದೆ, ಆದರೂ ಗಟ್ಟಿಯಾಗಿರುತ್ತದೆ. ಹೋಲಿಕೆ ಅಷ್ಟೇ. ನಿಜವಾಗಿ ಕಾರ್ನಿಯಾದಲ್ಲಿ ಹೆಚ್ಚಾಗಿರುವುದು ಕೆರಟಿನ್ ಅಲ್ಲ, ಕೊಲಾಜನ್. ಇನ್ನು ಮಿಲ್ಯೂಸಿಸ್ ಅನ್ನುವುದು ಕೆತ್ತನೆ. ಅದರ ಮೂಲದಲ್ಲಿ ಸ್ಮೀಲೆ ಅನ್ನುವ ಗ್ರೀಕ್ ಪದವಿದೆ, ಅಂದರೆ ಉಳಿ, ಕೆತ್ತುವ ಚಾಕು. ಕೆರಟೋಮಿಲ್ಯೂಸಿಸ್ ಅಂದರೆ ಕೊಂಬಿನ ಕೆತ್ತನೆ. ಇದಕ್ಕಿಂತ ಚೆನ್ನಾದ ಹೆಸರು ಈ ಆಪರೇಷನ್‌ಗೆ ಸಿಗುತ್ತಿರಲಿಲ್ಲ.

ಈ ಕೆತ್ತನೆಯ ವಿಚಾರ ಲೇಸರ್ ಹುಟ್ಟುವ ಮುಂಚಿನದು ಅನ್ನುವುದನ್ನು ಗಮನಿಸಿ. ಮುಂದೆ ಕೊಲಂಬಿಯಾದ ಬೊಗೋಟದಲ್ಲಿ ನೆಲೆಸಿದ ಹೊಸೆ ಬರಾಕೆರ್ ಅನ್ನುವ ಡಾಕ್ಟರು 1949ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದರು. ಲೇಸರ್ ಬಂದದ್ದು 1960ರಲ್ಲಿ. ಬರಾಕೆರ್ ಅವರ ವಿಧಾನ ಕೇಳಿದರೆ ಈಗ ಮೈ ಜುಮ್ಮೆನ್ನುತ್ತದೆ. ಕಾರ್ನಿಯಾದ ಮುಂದಿನ ಬಿಲ್ಲೆಯೊಂದನ್ನು ಕತ್ತರಿಸಿ ಹೊರಗೆ ತೆಗೆಯುವುದು, ಅದನ್ನು ಹೆಪ್ಪುಗಟ್ಟಿಸಿ ಗಟ್ಟಿ ಮಾಡುವುದು, ಪುಟ್ಟ ಲೇತ್ ಯಂತ್ರದಲ್ಲಿಟ್ಟು ಬೇಕಾದ ಬಾಗಿಗೆ ಕಡೆಯುವುದು, ಆಮೇಲೆ ತಂದು ಕಣ್ಣಿಗೇ ಹೊಲಿಯುವುದು! ಇಷ್ಟು ತಿಳಿದ ಮೇಲೆ ನಡುವಿನ "ಇನ್ ಸಿಟು" ಅನ್ನುವ ಲ್ಯಾಟಿನ್ ಪದದ ಬೆಲೆ ಗೊತ್ತಾಗುತ್ತದೆ. ಇದ್ದಲ್ಲೇ ಅಂತ ಅದರ ಅರ್ಥ. ಈಗ ಬಿಲ್ಲೆಯನ್ನು ಪೂರ್ತಿ ಕೀಳುವುದಿಲ್ಲ. ಒಂದು ಕಡೆ ಅಂಟಿಕೊಂಡಿರುವ ಹಾಗೆ ತೆಳುವಾದ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಅದೇ ಫ್ಲ್ಯಾಪ್. ಕೆಳಗಿನ ಪದರವನ್ನು ಇದ್ದಲ್ಲೇ ಕೆತ್ತಿ, ಹಾಳೆಯನ್ನು ವಾಪಸ್ ಮುಚ್ಚುತ್ತಾರೆ. ಹೊಲಿಗೆ ಇಲ್ಲ.

ಲೇಸರ್ ಇಲ್ಲಿ ಬರೀ ಉಳಿ. "ಲೇಸರ್‌ನಲ್ಲಿ ಸುಡ್ತಾರಂತೆ" ಅನ್ನುವ ಮಾತೂ ಕೇಳುತ್ತೇನೆ. ರೆಟಿನಾಗೆ ಕೊಡುವ ಲೇಸರ್ ಸುಡುತ್ತದೆ, ನಿಜ. ಇದು ಸುಡುವುದಿಲ್ಲ. ಇದಕ್ಕೆ ಬಳಸುವುದು ಎಕ್ಸೈಮರ್ ಲೇಸರ್, 193 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು. ಅದು ಅಣುಗಳ ನಡುವಿನ ಬೆಸುಗೆಯನ್ನೇ ಬಿಡಿಸಿ ಪದರವನ್ನು ಹಾರಿಸುತ್ತದೆ, ಪಕ್ಕದ ಭಾಗ ಬೇಯುವುದಿಲ್ಲ. ಜೀವಕೋಶಗಳ ಮೇಲೆ ಇದರ ಈ ಗುಣವನ್ನು 1981ರಲ್ಲಿ ಐಬಿಎಂನ ಪ್ರಯೋಗಶಾಲೆಯಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಅವರು ಲ್ಯಾಬಿಗೆ ತಂದು ಪರೀಕ್ಷಿಸಿದ್ದರು. ಆಪರೇಷನ್ ಹೊತ್ತಿನಲ್ಲಿ ಸುಟ್ಟ ವಾಸನೆ ಬಂತಲ್ಲ ಅನ್ನುತ್ತಾರೆ ಮಾಡಿಸಿಕೊಂಡವರು. ವಾಸನೆ ಬರುವುದು ಹೌದು. ಅದು ಹಾರಿಹೋದ ಪದರದ್ದು.

ಫ್ಲ್ಯಾಪ್ ಇಲ್ಲದೆ ಮಾಡುವುದಕ್ಕೂ ಜನ ಲೇಸಿಕ್ ಅಂತಲೇ ಕರೆಯುತ್ತಾರೆ, ಅದೂ ತಪ್ಪು. ಮೇಲಿನ ತೆಳು ಚರ್ಮವನ್ನು ಸರಿಸಿ ನೇರವಾಗಿ ಮೇಲ್ಮೈಯನ್ನೇ ಕೆತ್ತಿದರೆ ಅದು ಪಿಆರ್‌ಕೆ. ಇದು ಲೇಸಿಕ್‌ಗಿಂತ ಹಳೆಯದು. ಮೊದಲ ಮೂರ್ನಾಲ್ಕು ದಿನ ಚೆನ್ನಾಗಿಯೇ ನೋಯುತ್ತದೆ. ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆ ಮಾಡಿ, ಚಿಕ್ಕ ಸೀಳಿನಿಂದ ಎಳೆದು ತೆಗೆದರೆ ಅದು ಸ್ಮೈಲ್. ಇದೂ ಸಂಕ್ಷಿಪ್ತ ಪದವೇ. ನಗುವಿಗಿಂತ ಗ್ರೀಕರ ಉಳಿ ಸ್ಮೀಲೆಗೆ ಹತ್ತಿರವಾಗಿದೆ ಅನ್ನುವುದು ನನಗೆ ಖುಷಿ ಕೊಟ್ಟ ವಿಷಯ. ಐಸಿಎಲ್‌ನಲ್ಲಂತೂ ಕೆತ್ತನೆಯೇ ಇಲ್ಲ, ಕಣ್ಣೊಳಗೆ ಇನ್ನೊಂದು ಲೆನ್ಸ್ ಇಡುತ್ತಾರೆ.

ಇಷ್ಟೆಲ್ಲ ಯಾಕೆ ಎಳೆದೆ ಅಂದರೆ, "ಕೆತ್ತನೆ" ಅಂತ ನೆನಪಿಟ್ಟುಕೊಂಡರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ. ಕೆತ್ತಿದ್ದು ಮತ್ತೆ ಬೆಳೆಯುವುದಿಲ್ಲ. ಕಾರ್ನಿಯಾ ನಡುವಿನಲ್ಲಿ ಸುಮಾರು 540 ಮೈಕ್ರಾನ್ ದಪ್ಪ, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. 6 ಮಿಲಿಮೀಟರ್ ಅಗಲ ಕೆತ್ತುವುದಾದರೆ ಕನ್ನಡಕದ ಒಂದು ನಂಬರಿಗೆ, ಅಂದರೆ ಒಂದು ಡಯಾಪ್ಟರ್‌ಗೆ, ಅಂದಾಜು 12 ಮೈಕ್ರಾನ್ ಹೋಗುತ್ತದೆ. ಮೈನಸ್ 3 ಇದ್ದವರಿಗೆ 36 ಮೈಕ್ರಾನ್ ಸಾಕು. ಮೈನಸ್ 8 ಇದ್ದವರಿಗೆ 96 ಬೇಕು. ಫ್ಲ್ಯಾಪ್‌ಗೆ 110 ಅಂತ ಇಟ್ಟುಕೊಳ್ಳಿ, ಮುಚ್ಚಿದರೂ ಅದು ಮೊದಲಿನ ಬಲ ಕೊಡುವುದಿಲ್ಲ. ಅದರ ಕೆಳಗೆ ಕನಿಷ್ಠ 250 ಉಳಿಯಲೇಬೇಕು, ಹುಷಾರಿನ ಡಾಕ್ಟರುಗಳು 280, 300 ಅನ್ನುತ್ತಾರೆ. ಈಗ ಒಬ್ಬರ ಕಾರ್ನಿಯಾ 480 ಮೈಕ್ರಾನ್, ನಂಬರ್ ಮೈನಸ್ 8 ಅಂದುಕೊಳ್ಳಿ. ಕಳೆದು ನೋಡಿ, 274. ಲೆಕ್ಕದಲ್ಲಿ ಪಾಸು, ಹುಷಾರಿನವರ ಹತ್ತಿರ ಫೇಲು. ಗೆಳೆಯನಿಗೆ ಮಾಡಿದರು, ನನಗೆ ಯಾಕೆ ಆಗಲ್ಲ ಅಂದರು ಅಂತ ಬೇಜಾರು ಮಾಡಿಕೊಳ್ಳುವವರಿಗೆ ಉತ್ತರ ಈ ಕಳೆಯುವ ಲೆಕ್ಕದಲ್ಲಿದೆ. ಲೆಕ್ಕ ಮೀರಿ ಕೆತ್ತಿದರೆ, ಅಥವಾ ಮೊದಲೇ ದುರ್ಬಲವಾದ ಕಾರ್ನಿಯಾವನ್ನು ಕೆತ್ತಿದರೆ, ಅದು ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬತೊಡಗಬಹುದು. ಇದನ್ನು ತಪ್ಪಿಸಲೆಂದೇ ಕಾರ್ನಿಯಾದ ನಕ್ಷೆ ತೆಗೆಯುವ ಪರೀಕ್ಷೆ ಇರುವುದು. ಅದಕ್ಕೆ ದುಡ್ಡು ಕೊಟ್ಟು "ನಿಮಗೆ ಆಗಲ್ಲ" ಅನ್ನಿಸಿಕೊಂಡು ಬಂದವರು ದುಡ್ಡು ದಂಡ ಅನ್ನುತ್ತಾರೆ. ನನ್ನ ಕೇಳಿದರೆ ಇಡೀ ಬಿಲ್ಲಿನಲ್ಲಿ ಅತಿ ಸಾರ್ಥಕವಾದ ಖರ್ಚು ಅದು.

ಇನ್ನೊಂದು ಪದ ನನ್ನ ತಾಳ್ಮೆ ಪರೀಕ್ಷಿಸುವುದು: "ಕಣ್ಣು ಸರಿಹೋಯ್ತು." ಮೈನಸ್ ನಂಬರ್ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಉದ್ದವಾಗಿ ಬೆಳೆದದ್ದರಿಂದ. ಮಾಮೂಲಿ ಕಣ್ಣು ಸುಮಾರು 24 ಮಿಲಿಮೀಟರ್. ಅದು ಉದ್ದವಾದರೆ ಬೆಳಕು ರೆಟಿನಾಗೆ ಮುಟ್ಟುವ ಮುಂಚೆಯೇ ಕೂಡಿಕೊಳ್ಳುತ್ತದೆ. ಲೇಸಿಕ್ ಆದ ಮೇಲೂ ಕಣ್ಣು ಅಷ್ಟೇ ಉದ್ದ. ಮೂಗಿನ ಮೇಲಿದ್ದ ಗಾಜನ್ನು ಕಾರ್ನಿಯಾದಲ್ಲೇ ಕೆತ್ತಿಕೊಂಡಿರಿ ಅಷ್ಟೇ. ಜಾಸ್ತಿ ಮೈನಸ್ ಇದ್ದವರಿಗೆ ರೆಟಿನಾ ಹರಿಯುವ ಅಪಾಯ ಹೆಚ್ಚು, ಅದು ಆಪರೇಷನ್ ಆದ ಮೇಲೂ ಹಾಗೇ ಇರುತ್ತದೆ. ಕನ್ನಡಕ ಹೋಯಿತು ಅಂತ ಕಣ್ಣಿನ ಡಾಕ್ಟರ ಕಡೆ ತಲೆ ಹಾಕದೆ ಇರುವವರು ಎಡವುವುದು ಇಲ್ಲೇ.

ನಲವತ್ತರ ಮಾತು ಇನ್ನೂ ಸ್ವಾರಸ್ಯದ್ದು. ಕನ್ನಡಕಕ್ಕೆ ನಮ್ಮ ಹಿರಿಯರು ಚಾಳೀಸು ಅನ್ನುತ್ತಿದ್ದರಲ್ವಾ, ಚಾಳೀಸ್ ಅಂದರೆ ನಲವತ್ತು. ಆ ವಯಸ್ಸಿಗೆ ಕಣ್ಣೊಳಗಿನ ಲೆನ್ಸ್ ಗಟ್ಟಿಯಾಗಿ ಹತ್ತಿರದ್ದು ಓದಲು ಕಷ್ಟವಾಗುತ್ತದೆ. ಲೇಸಿಕ್ ಕೆತ್ತುವುದು ಮುಂದಿನ ಕಾರ್ನಿಯಾವನ್ನು, ಒಳಗಿನ ಲೆನ್ಸ್ ಅದರ ಕೈಗೆ ಸಿಗುವುದಿಲ್ಲ. 38ಕ್ಕೆ ಮಾಡಿಸಿಕೊಂಡು 43ಕ್ಕೆ ಓದುವ ಕನ್ನಡಕ ಬಂದರೆ ಆಪರೇಷನ್ ಫೇಲಾಗಿಲ್ಲ, ಚಾಳೀಸು ಬಂದಿದೆ. "ಜೀವನಪೂರ್ತಿ ಕನ್ನಡಕದ ಖರ್ಚು ಉಳಿಯುತ್ತೆ" ಅಂತ ಲೆಕ್ಕ ಹಾಕುವವರು ಇದನ್ನೂ ಸೇರಿಸಿ ಹಾಕಬೇಕು.

ಖರ್ಚಿನ ವಿಷಯಕ್ಕೆ ಬಂದರೆ, ಜಾಹೀರಾತಿನ ಮೊತ್ತ ಒಂದು ಕಣ್ಣಿಗೋ ಎರಡಕ್ಕೋ ಅಂತ ಮೊದಲು ಕೇಳಿ, ನಗಬೇಡಿ, ಬಹಳ ಜನ ಮೋಸಹೋಗುವುದು ಇಲ್ಲೇ. ಯಾವ ವಿಧಾನ? ಫ್ಲ್ಯಾಪ್ ಮಾಡುವುದು ಬ್ಲೇಡಿನಿಂದಲೋ ಇನ್ನೊಂದು ಲೇಸರ್‌ನಿಂದಲೋ? ಪರೀಕ್ಷೆ, ಡ್ರಾಪ್ಸ್, ಆಮೇಲಿನ ಭೇಟಿಗಳು ಅದರಲ್ಲೇ ಸೇರಿವೆಯೋ? ಸ್ವಲ್ಪ ನಂಬರ್ ಉಳಿದುಕೊಂಡರೆ ಎರಡನೇ ಸಲ ಕೆತ್ತುವುದಕ್ಕೆ ಬೇರೆ ದುಡ್ಡೋ, ಎಷ್ಟು ವರ್ಷದೊಳಗೆ ಬಂದರೆ ಬಿಟ್ಟಿ? ಎರಡನೇ ಸಲಕ್ಕೂ ಕಾರ್ನಿಯಾ ಉಳಿದಿರಬೇಕು ಅನ್ನುವುದು ಬೇರೆ ಮಾತು, "ಲೈಫ್‌ಟೈಮ್ ಗ್ಯಾರಂಟಿ" ಅನ್ನುವ ಬೋರ್ಡಿಗೆ ಅದು ಗೊತ್ತಿಲ್ಲ. ಅನೇಕ ವಿಮೆಗಳು ಇದನ್ನು ಅಂದಕ್ಕೆ ಮಾಡಿಸುವ ಆಪರೇಷನ್ ಅಂತ ಕೈಬಿಡುತ್ತವೆ. ಪಾಲಿಸಿ ಓದಿಯೇ ಹೊರಡಿ. ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ: ಕಣ್ಣು ಒಣಗುವುದಕ್ಕೆ ತಿಂಗಳುಗಟ್ಟಲೆ ಹಾಕುವ ಡ್ರಾಪ್ಸ್, ಕೆಲಸಕ್ಕೆ ಹಾಕುವ ರಜೆ. ಲೇಸಿಕ್‌ಗೆ ಒಂದೆರಡು ದಿನ ಸಾಕು, ಪಿಆರ್‌ಕೆಗೆ ವಾರ ಇಟ್ಟುಕೊಳ್ಳಿ.

ಮುಂಚಿನ ತಯಾರಿ ಸುಲಭ, ಆದರೆ ಜನ ಸುಮ್ನೆ ಕಡೆಗಣಿಸುತ್ತಾರೆ. ವಯಸ್ಸು 18 ದಾಟಿರಬೇಕು, ನಂಬರ್ ಒಂದು ವರ್ಷವಾದರೂ ಅಲ್ಲಾಡದೆ ನಿಂತಿರಬೇಕು. ಬಸುರಿ, ಬಾಣಂತಿಯರಿಗೆ ಈಗ ಬೇಡ, ಆ ಹೊತ್ತಿನಲ್ಲಿ ನಂಬರ್ ಏರುಪೇರಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆಯೇ ಅದನ್ನು ಬಿಡಬೇಕು. ಮೆತ್ತನೆಯದಾದರೆ ಎರಡು ವಾರ, ಗಟ್ಟಿಯದಾದರೆ ಮೂರು ವಾರಕ್ಕೂ ಜಾಸ್ತಿ, ಯಾಕೆಂದರೆ ಲೆನ್ಸ್ ಕಾರ್ನಿಯಾವನ್ನು ಒತ್ತಿ ಅದರ ಬಾಗನ್ನೇ ಬದಲಿಸಿರುತ್ತದೆ. ತಪ್ಪು ಅಳತೆಗೆ ಕೆತ್ತಿಸಿಕೊಂಡು ಏನು ಮಾಡುತ್ತೀರಿ?

ಆಪರೇಷನ್ನಿನ ಹೊತ್ತಿಗೆ ಎಚ್ಚರವಾಗಿಯೇ ಇರುತ್ತೀರಿ, ಡ್ರಾಪ್ಸ್‌ನಿಂದ ಮರಗಟ್ಟಿಸುತ್ತಾರೆ. ಫ್ಲ್ಯಾಪ್ ಮಾಡುವಾಗ ಒತ್ತಿದಂತಾಗಿ ಕೆಲವು ಕ್ಷಣ ಕಣ್ಣು ಕತ್ತಲೆ ಬರುತ್ತದೆ, ಹೆದರುವುದು ಬೇಡ. ಕಣ್ಣು ಅಲ್ಲಾಡಿದರೆ ಲೇಸರ್ ಹಿಂಬಾಲಿಸುತ್ತದೆ, ಜಾಸ್ತಿ ಅಲ್ಲಾಡಿದರೆ ನಿಂತುಬಿಡುತ್ತದೆ. ಆಮೇಲೆ ಮುಖ್ಯವಾದದ್ದು ಒಂದೇ, ಉಜ್ಜಬೇಡಿ. ಫ್ಲ್ಯಾಪ್‌ಗೆ ಹೊಲಿಗೆ ಇಲ್ಲ ಅಂದೆನಲ್ಲ. ಗಾಡಿ ನೀವೇ ಓಡಿಸಿಕೊಂಡು ಮನೆಗೆ ಬರುವ ಯೋಚನೆಯೂ ಬೇಡ. ರಾತ್ರಿ ದೀಪಗಳ ಸುತ್ತ ಬಳೆಯಂತೆ ಕಾಣುವುದು ಬಹಳ ಜನರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ.

ಕೊನೆಗೆ ಅತ್ತೆಯ ಪೊರೆಗೇ ವಾಪಸ್ ಬರುತ್ತೇನೆ. ಈಗ ಲೇಸಿಕ್ ಮಾಡಿಸಿಕೊಂಡವರಿಗೂ ಮುಂದೆ ಪೊರೆ ಬರುತ್ತದೆ. ಆಗ ಕೂರಿಸುವ ಲೆನ್ಸಿನ ನಂಬರನ್ನು ಕಾರ್ನಿಯಾದ ಬಾಗು ಅಳೆದು ಲೆಕ್ಕ ಹಾಕುತ್ತಾರೆ. ಕೆತ್ತಿದ ಕಾರ್ನಿಯಾ ಮಾಮೂಲಿ ಲೆಕ್ಕಕ್ಕೆ ಸಿಗುವುದಿಲ್ಲ. ಮೈನಸ್ ಇದ್ದವರಿಗೆ ಹಳೆಯ ಸೂತ್ರ ಹಾಕಿದರೆ ಕಡಿಮೆ ನಂಬರಿನ ಲೆನ್ಸ್ ಕೂತು, ಕೊನೆಗೆ ಪ್ಲಸ್ ಕನ್ನಡಕ ಬರುತ್ತದೆ. ಕೆತ್ತಿದ ಕಾರ್ನಿಯಾ ತೆಳ್ಳಗಿರುವುದರಿಂದ ಕಣ್ಣಿನ ಒತ್ತಡ ಅಳೆದಾಗಲೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಪ್ಪತ್ತೈದು ವರ್ಷ ಆದ ಮೇಲೆ "ಹಿಂದೆ ಯಾವಾಗಲೋ ಕಣ್ಣಿಗೆ ಲೇಸರ್ ಮಾಡಿಸಿದ್ದೆ" ಅಂದರೆ ಆ ಡಾಕ್ಟರಿಗೆ ಏನು ತಿಳಿಯಬೇಕು? ಹಾಗಾಗಿ ಆಪರೇಷನ್ ಮುಗಿದ ದಿನವೇ ಕಾಗದ ಕೇಳಿ ಇಟ್ಟುಕೊಳ್ಳಿ. ಮುಂಚೆ ಇದ್ದ ನಂಬರ್, ಕಾರ್ನಿಯಾದ ಮುಂಚಿನ ಬಾಗು ಮತ್ತು ದಪ್ಪ, ಎಷ್ಟು ಮೈಕ್ರಾನ್ ತೆಗೆದರು, ಮತ್ತು ಲೇಸಿಕ್ಕೋ ಪಿಆರ್‌ಕೆಯೋ ಸ್ಮೈಲೋ ಅನ್ನುವ ಸರಿಯಾದ ಹೆಸರು.