ಎಂಡಿಆರ್: ಮುರಿತ ಯಾರದು, ಖರ್ಚು ಯಾರದು

ಯುಪಿಐಗೆ ಶುಲ್ಕ ಬರುತ್ತದಂತೆ ಎಂಬ ಗಾಳಿಸುದ್ದಿ ಎದ್ದಾಗಲೆಲ್ಲ ‘ಎಂಡಿಆರ್ ತೆರಿಗೆ’ ಎಂಬ ತಲೆಬರಹವೂ ಜೊತೆಗೇ ಏಳುತ್ತದೆ. ಎಂಡಿಆರ್ (ಮರ್ಚೆಂಟ್ ಡಿಸ್ಕೌಂಟ್ ರೇಟ್) ಎಂದರೆ ವ್ಯಾಪಾರಿಗೆ ಸಲ್ಲಬೇಕಾದ ಡಿಜಿಟಲ್ ಪಾವತಿಯಲ್ಲಿ ಬ್ಯಾಂಕುಗಳು ಮುರಿದುಕೊಳ್ಳುವ ಪಾಲು. ಅದು ತೆರಿಗೆಯಲ್ಲ, ಆ ಹಣ ಬೊಕ್ಕಸಕ್ಕೆ ಹೋಗುವುದಿಲ್ಲ. ಹಣ ಕೊಡುವ ಗ್ರಾಹಕರಿಂದ ವಸೂಲಾಗುವ ಶುಲ್ಕವೂ ಅಲ್ಲ.

ತೊಡಕೆಲ್ಲ ಮರ್ಚೆಂಟ್ ಡಿಸ್ಕೌಂಟ್ ರೇಟ್ ಎಂಬುದರ ನಡುವಿನ ಪದದಲ್ಲಿದೆ. ‘ವ್ಯಾಪಾರಿ ರಿಯಾಯಿತಿ ದರ’ ಎಂದು ಬರೆದುಬಿಟ್ಟರೆ ಅಂಗಡಿಯವರು ಯಾರಿಗೋ ಬೆಲೆ ಇಳಿಸಿದಂತೆ ಕೇಳಿಸುತ್ತದೆ. ಇದು ಅಂಗಡಿಯ ಸೋಡಿಯಲ್ಲ, ಹುಂಡಿಯ, ಅಂದರೆ ಗಡುವಿನ ದಿನ ಹಣ ಸಿಗುವ ವ್ಯಾಪಾರಪತ್ರದ, ವಟ್ಟ. ಗಡುವಿಗೆ ಮೊದಲೇ ಹುಂಡಿ ವಟಾಯಿಸಿದರೆ ಬ್ಯಾಂಕು ಮುಖಬೆಲೆಯಲ್ಲಿ ಒಂದಿಷ್ಟು ಮುರಿದುಕೊಂಡು ಮಿಕ್ಕದ್ದನ್ನು ಕೊಡುತ್ತದೆ. ಕಾಗದದ ಕಾಲದಲ್ಲಿ ಗ್ರಾಹಕರ ಸಹಿಯಿದ್ದ ಕಾರ್ಡ್ ಚೀಟಿಗಳಿಗೂ ಹೀಗೆಯೇ ಮುರಿದು ಹಣ ಕೊಡುತ್ತಿದ್ದರು. ಚೀಟಿ ಹೋಯಿತು, ಹೆಸರು ಉಳಿಯಿತು.

ಲೆಕ್ಕ ಹಾಕಿದರೆ ಗೊಂದಲ ಉಳಿಯುವುದಿಲ್ಲ. ರಿಸರ್ವ್ ಬ್ಯಾಂಕಿನ 2018ರ ಮಿತಿಯಂತೆ, ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದ ವ್ಯಾಪಾರಿಗೆ ಸ್ವೈಪ್ ಮಾಡಿದ ಡೆಬಿಟ್ ಕಾರ್ಡಿನ ಎಂಡಿಆರ್ ಗರಿಷ್ಠ ಶೇ 0.90. 10,000 ರೂ. ಬಿಲ್ಲಿಗೆ ಮುರಿತ 90 ರೂ., ಆ 90ರ ಮೇಲೆ ಶೇ 18 ಜಿಎಸ್‌ಟಿ 16.20 ರೂ. ವ್ಯಾಪಾರಿಯ ಖಾತೆಗೆ ಬೀಳುವುದು 9,893.80 ರೂ. ಇದರಲ್ಲಿ ತೆರಿಗೆ ಎನ್ನಬಹುದಾದದ್ದು ಆ 16.20 ಮಾತ್ರ. 90 ರೂಪಾಯಿಯನ್ನು ಕಾರ್ಡ್ ಕೊಟ್ಟ ಬ್ಯಾಂಕು, ವೀಸಾದಂಥ ಕಾರ್ಡ್ ಜಾಲ, ವ್ಯಾಪಾರಿಯ ಬ್ಯಾಂಕು ಹಂಚಿಕೊಳ್ಳುತ್ತವೆ.

ಕಾರ್ಡ್ (ಅಥವಾ ಮೊದಲೇ ಹಣ ತುಂಬಿಡುವ ವ್ಯಾಲೆಟ್) ಕೊಟ್ಟ ಸಂಸ್ಥೆಗೆ ಹೋಗುವ ಪಾಲೇ ಇಂಟರ್‌ಚೇಂಜ್. ಅದನ್ನೇ ಎಂಡಿಆರ್ ಎಂದು ಓದಿದ್ದರಿಂದ 2023ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಸುಮ್ಮನೆ ಗಾಬರಿಯಾಯಿತು. ಆಗ ಬಂದದ್ದು, ವ್ಯಾಲೆಟ್ ಹಣದಿಂದ ಯುಪಿಐ ಮೂಲಕ 2,000 ರೂ. ಮೀರಿ ವ್ಯಾಪಾರಿಗೆ ಕೊಟ್ಟಾಗ ಶೇ 1.1ರವರೆಗೆ ಇಂಟರ್‌ಚೇಂಜ್. ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುವ ಪಾವತಿಗೆ ಅದು ತಾಕಲೇ ಇಲ್ಲ.

ಇನ್ನು ‘ಶೂನ್ಯ ಎಂಡಿಆರ್’. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಗೆ ಸೇರಿಸಿದ 10ಎ ಸೆಕ್ಷನ್ ಪ್ರಕಾರ, 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನಲ್ಲಿ ಕೊಡುವವರಿಂದಲೂ ಪಡೆಯುವವರಿಂದಲೂ ಬ್ಯಾಂಕುಗಳು ಶುಲ್ಕ ಕೀಳುವಂತಿಲ್ಲ. ಶೂನ್ಯವಾದದ್ದು ದರ, ಖರ್ಚಲ್ಲ. ಒಂದು ಕ್ಯೂಆರ್ ಸ್ಕ್ಯಾನಿನ ಹಿಂದೆ ಆ್ಯಪ್, ಅದನ್ನು ಯುಪಿಐಗೆ ಜೋಡಿಸುವ ಪ್ರಾಯೋಜಕ ಬ್ಯಾಂಕು, ಯುಪಿಐ ನಡೆಸುವ ಎನ್‌ಪಿಸಿಐ, ಎರಡೂ ಕಡೆಯ ಖಾತೆ ಬ್ಯಾಂಕುಗಳು ಸರ್ವರ್ ಓಡಿಸಬೇಕು, ವಂಚನೆ ತಡೆಯಬೇಕು, ಸಿಕ್ಕಿಹಾಕಿಕೊಂಡ ಹಣ ಮರಳಿಸಬೇಕು. 2022ರ ರಿಸರ್ವ್ ಬ್ಯಾಂಕ್ ಚರ್ಚಾಪತ್ರ, ಸರಾಸರಿ 800 ರೂ.ಗಳ ವ್ಯಾಪಾರಿ ಪಾವತಿಗೆ ಎಲ್ಲರ ಖರ್ಚೂ ಸೇರಿ 2 ರೂ. ಎಂದು ಅಂದಾಜಿಸಿತ್ತು.

ಇದನ್ನು ತುಂಬಿಕೊಡಲು ಕೇಂದ್ರದ ಪ್ರೋತ್ಸಾಹಧನವಿದೆ. 2024-25ರ ಯೋಜನೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಂದ 2,000 ರೂ.ವರೆಗಿನ ಯುಪಿಐ ಪಾವತಿಗೆ ಶೇ 0.15, ಅಂದರೆ 800ಕ್ಕೆ 1.20 ರೂ. ಬ್ಯಾಂಕು ಕೇಳಿದ್ದರಲ್ಲಿ ಒಪ್ಪಿದ ಮೊತ್ತದ ಶೇ 80 ಷರತ್ತಿಲ್ಲದೆ ಸಿಗುತ್ತಿತ್ತು. ಬ್ಯಾಂಕಿನ ತಾಂತ್ರಿಕ ವೈಫಲ್ಯ ಶೇ 0.75ಕ್ಕಿಂತ ಕಡಿಮೆಯಿದ್ದರೆ ಇನ್ನು ಶೇ 10, ವ್ಯವಸ್ಥೆ ಶೇ 99.5ಕ್ಕಿಂತ ಹೆಚ್ಚು ಹೊತ್ತು ಎದ್ದಿದ್ದರೆ ಕೊನೆಯ ಶೇ 10. ಗುಣಮಟ್ಟಕ್ಕೆ ಹಣ ಕಟ್ಟಿದ ಈ ಏರ್ಪಾಡು ನಿಜಕ್ಕೂ ಒಳ್ಳೆಯದು. ಕೆಟ್ಟದ್ದು ಅನಿಶ್ಚಿತತೆ: ಆ ವರ್ಷದ ಯೋಜನೆಗೆ ಸಂಪುಟ ಒಪ್ಪಿದ್ದೇ 2025ರ ಮಾರ್ಚ್ 19ರಂದು, ವರ್ಷ ಮುಗಿಯಲು ಹನ್ನೆರಡು ದಿನ ಇದ್ದಾಗ. ಮೊತ್ತ ಸುಮಾರು 1,500 ಕೋಟಿ ರೂ. ಎಷ್ಟು ಬರುತ್ತದೆಂದು ವರ್ಷದ ಕೊನೆಗೆ ತಿಳಿಯುವ ಬ್ಯಾಂಕು ಹೊಸ ಸರ್ವರ್ ಸಾಮರ್ಥ್ಯಕ್ಕೆ ಮುಂಚಿತವಾಗಿ ಹಣ ಹಾಕುವುದಾದರೂ ಹೇಗೆ?

ಸಾರ್ವಜನಿಕ ಸೌಕರ್ಯವೆಂದು ಕರೆದ ಮೇಲೆ ಮೂರೋ ಐದೋ ವರ್ಷದ ಅನುದಾನವನ್ನು ಮೊದಲೇ ಗೊತ್ತುಪಡಿಸಬೇಕು. ಇಲ್ಲವೇ ಸಣ್ಣವರನ್ನು ಬಿಟ್ಟು ದೊಡ್ಡ ವ್ಯಾಪಾರಿಗಳಿಂದಷ್ಟೇ ಮಿತವಾದ ಎಂಡಿಆರ್ ಪಡೆಯಬೇಕು. ಎರಡನೆಯದು ಬರಬೇಕಾದರೆ ಸರ್ಕಾರವೇ ಕಾನೂನಿನ ಚೌಕಟ್ಟು ಬದಲಿಸಬೇಕು. ಅಲ್ಲಿಯವರೆಗೆ ಮೊಬೈಲ್ ರೀಚಾರ್ಜಿಗೆ ಆ್ಯಪ್ ಕೇಳುವ ಪ್ಲಾಟ್‌ಫಾರ್ಮ್ ಫೀ, ಕ್ರೆಡಿಟ್ ಕಾರ್ಡ್ ಕೊಟ್ಟರೆ ಅಂಗಡಿಯವರು ಮೇಲೆ ಸೇರಿಸುವ ಎರಡು ಪರ್ಸೆಂಟ್, ಯಾವುದನ್ನೂ ಎಂಡಿಆರ್ ಎನ್ನಬೇಡಿ. ಅವು ಗ್ರಾಹಕರ ಜೇಬಿನಿಂದ ಹೋಗುವಂಥವು.