ಗ್ರೂಪಿಗೆ ಹಾಕಿದ ಡೌಟು: ಡಿಜಿಟಲ್ ಸಂವಹನ, ಸಹಪಾಠಿಗಳ ನೆರವು (ಬಿ.ಎಡ್. ಟಿಪ್ಪಣಿ)

ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪತ್ರಿಕೆಯಲ್ಲಿ ಈ ವಿಷಯ ಬಂದರೆ ನಾವೆಲ್ಲ ಬರೆಯುವುದು ಹೆಚ್ಚು ಕಡಿಮೆ ಒಂದೇ. ಮೊಬೈಲ್ ಬಂದಿದೆ, ಸಂಪರ್ಕ ಸುಲಭವಾಗಿದೆ, ಒಬ್ಬರಿಗೊಬ್ಬರು ನೆರವಾಗಬಹುದು. ಸಂಪರ್ಕ ಸುಲಭವಾಗಿದೆ, ಒಪ್ಪೋಣ. ಆದರೆ ಸಂಪರ್ಕ ಬೇರೆ, ನೆರವು ಬೇರೆ. ಇದನ್ನು ನಾನು ಕಲಿತದ್ದು ಒಂದು ಲೆಕ್ಕದಿಂದ.

ಮೌಲ್ಯಮಾಪನ ಪತ್ರಿಕೆಗೆ ಓದುವಾಗ ಮಾನಕ ವಿಚಲನೆಯ (ಸ್ಟ್ಯಾಂಡರ್ಡ್ ಡೀವಿಯೇಷನ್) ಹತ್ತಿರ ಸಿಕ್ಕಿಕೊಂಡೆ. ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ತೋರಿಸುವ ಅಳತೆ ಅದು. ಪ್ರತಿ ಅಂಕ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ಕಳೆಯುತ್ತೇವೆ, ಸರಿ. ಆಮೇಲೆ ಅದನ್ನು ವರ್ಗ ಯಾಕೆ ಮಾಡಬೇಕು? ರಾತ್ರಿ ಹತ್ತರ ಹೊತ್ತಿಗೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ನೂರರ ಹತ್ತಿರ ಜನ ಇರುವ ಗ್ರೂಪು. ಒಬ್ಬರು ಬಿಡಿಸಿದ ಲೆಕ್ಕದ ಫೋಟೋ ಹಾಕಿದರು. ಇನ್ನೊಬ್ಬರು ಅದಕ್ಕೆ ಹೆಬ್ಬೆರಳು ಎತ್ತಿದರು. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಶುರುವಾಯಿತು, ನನ್ನ ಪ್ರಶ್ನೆ ಕೇಕುಗಳ ಕೆಳಗೆ ಹೂತುಹೋಯಿತು.

ತಮಾಷೆ ಇರುವುದು ಇಲ್ಲಿ. ಅರ್ಧ ಗಂಟೆಯೊಳಗೆ ಮೂವರು ನನಗೆ ಬೇರೆಯಾಗಿ ಮೆಸೇಜ್ ಮಾಡಿದರು. ಮೂವರದೂ ಒಂದೇ ಮಾತು: "ನಂಗೂ ಅದೇ ಡೌಟು ಕಣೇ, ಗೊತ್ತಾದ್ರೆ ಹೇಳು." ನಾಲ್ಕು ಜನಕ್ಕೆ ಒಂದೇ ಡೌಟು. ಆದರೆ ನೂರು ಜನರ ಎದುರು ಗೊತ್ತಿಲ್ಲ ಅನ್ನಲು ಮೂವರಿಗೆ ಸಂಕೋಚ. ತರಗತಿಯಲ್ಲಾದರೆ ಪಕ್ಕದವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಅಲ್ವಾ? ಫೋನಿನಲ್ಲಿ ನೀಲಿ ಟಿಕ್ ಕಾಣುತ್ತದೆ, ಮುಖ ಕಾಣುವುದಿಲ್ಲ.

ಕೊನೆಗೆ ಬಗೆಹರಿಸಿದ್ದು ಒಬ್ಬ ಗೆಳತಿ ಕಳಿಸಿದ ಎರಡು ನಿಮಿಷದ ಆಡಿಯೋ. "ಮೂರು ಮಕ್ಕಳ ಅಂಕ ತಗೋ. 4, 6, 8. ಸರಾಸರಿ 6. ದೂರ ಎಷ್ಟೆಷ್ಟು? ಮೈನಸ್ 2, ಸೊನ್ನೆ, ಪ್ಲಸ್ 2. ಈಗ ಕೂಡಿಸು. ಸೊನ್ನೆ ಬಂತಾ? ಯಾವ ಅಂಕ ತಗೊಂಡ್ರೂ ಸೊನ್ನೇನೇ ಬರೋದು. ಅದಕ್ಕೇ ವರ್ಗ ಮಾಡೋದು, ಮೈನಸ್ ಹೋಗ್ಲಿ ಅಂತ. 4, 0, 4. ಒಟ್ಟು 8, ಮೂರರಿಂದ ಭಾಗಿಸಿದ್ರೆ 2.67. ಅದೇ ಉತ್ತರ... ಅಯ್ಯೋ ತಡಿ, ವರ್ಗಮೂಲ ಬಿಟ್ಟೆ. 1.63." ಆ "ಅಯ್ಯೋ ತಡಿ" ಬಹಳ ಬೆಲೆಯ ಮಾತು. ನನಗೆ ಹೇಳುತ್ತಾ ಹೇಳುತ್ತಾ ಅವಳೇ ತನ್ನ ತಪ್ಪು ಹಿಡಿದಳು. ಗ್ರೂಪಿಗೆ ಬಂದ ಫೋಟೋದಲ್ಲೂ ಇದೇ ಹಂತಗಳಿದ್ದವು, ಯಾಕೆ ಅನ್ನುವುದು ಮಾತ್ರ ಇರಲಿಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ಶಿಕ್ಷಣತಜ್ಞ ಮೈಕೆಲ್ ಮೂರ್ 1989ರಲ್ಲಿ ದೂರಶಿಕ್ಷಣದ ಸಂವಹನವನ್ನು ಮೂರು ಬಗೆ ಮಾಡಿದರು: ಕಲಿಯುವವರು ಮತ್ತು ಪಾಠ, ಕಲಿಯುವವರು ಮತ್ತು ಶಿಕ್ಷಕರು, ಕಲಿಯುವವರು ಮತ್ತು ಕಲಿಯುವವರು. ಫೋಟೋ ಬಂದಾಗ ನಡೆದದ್ದು ಮೊದಲನೆಯದು. ಕಳಿಸಿದ್ದು ಸಹಪಾಠಿಯೇ ಆದರೂ ನಾನು ಒಬ್ಬಳೇ ಒಂದು ಹಾಳೆಯ ಎದುರು ಕೂತಿದ್ದೆ. ಆಡಿಯೋ ಬಂದಾಗ ನಡೆದದ್ದು ಮೂರನೆಯದು. ಉತ್ತರ ಬರೆಯುವಾಗ ಈ ವ್ಯತ್ಯಾಸ ತೋರಿಸಿ.

ವೈಗಾಟ್‌ಸ್ಕಿ (ಸೋವಿಯತ್ ಮನಶ್ಶಾಸ್ತ್ರಜ್ಞ, 1896–1934) ಹೆಸರು ಹೇಗೂ ಬರೆಯುತ್ತೀರಿ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಹೆಚ್ಚು ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಅಂತರ ಇರುತ್ತದೆ, ಕಲಿಕೆ ನಡೆಯುವುದು ಅಲ್ಲಿ. ಹೆಚ್ಚು ಬಲ್ಲವರು ಶಿಕ್ಷಕರೇ ಆಗಬೇಕಿಲ್ಲ, ಒಂದು ಹೆಜ್ಜೆ ಮುಂದಿರುವ ಸಹಪಾಠಿ ಸಾಕು. ಒಂದು ಎಚ್ಚರಿಕೆ: ಸ್ಕ್ಯಾಫೋಲ್ಡಿಂಗ್ (ಬೇಕಾದಷ್ಟೇ ನೆರವು ಕೊಟ್ಟು, ಕಲಿತಂತೆಲ್ಲ ಅದನ್ನು ತೆಗೆಯುತ್ತಾ ಹೋಗುವುದು) ಅನ್ನುವ ಪದವನ್ನು ವೈಗಾಟ್‌ಸ್ಕಿ ತಲೆಗೆ ಕಟ್ಟಬೇಡಿ. ಕಟ್ಟಡಕ್ಕೆ ಸಾರುವೆ ಕಟ್ಟಿ ಆಮೇಲೆ ಬಿಚ್ಚುತ್ತಾರಲ್ಲ, ಆ ಹೋಲಿಕೆಯನ್ನು ತಂದದ್ದು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್.

ಇದೇನೂ ಫೋನು ತಂದ ಹೊಸ ವಿಷಯವಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಜಿಲ್ಲೆಯ ಶಾಲೆಗಳ ಬಗ್ಗೆ ವರದಿ ಬರೆದ. ಆಗ ಅಲ್ಲಿ 533 ಶಾಲೆ, 6,641 ಮಕ್ಕಳು. ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದಿರುವ ಹುಡುಗರು ಹಿಂದಿರುವವರಿಗೆ ಹೇಳಿಕೊಡುತ್ತಾರೆ, ಜೊತೆಗೆ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ ಎಂದು ಅವನು ಮೆಚ್ಚಿ ಬರೆದಿದ್ದಾನೆ. ನನ್ನ ಗೆಳತಿಯ "ಅಯ್ಯೋ ತಡಿ" ಅದೇ ತಾನೆ! ಮದರಾಸಿನಲ್ಲಿ ಇದೇ ಕ್ರಮ ನಡೆಸಿದ್ದ ಆಂಡ್ರ್ಯೂ ಬೆಲ್ ಅದಕ್ಕೂ ಮೊದಲೇ, 1797ರಲ್ಲಿ, ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ್ದ. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರು. ಕ್ಯಾಂಬೆಲ್ ಕೊಟ್ಟ ಸಂಖ್ಯೆಯನ್ನು ಭಾಗಿಸಿ ನೋಡಿ: ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ನಮ್ಮ ಗ್ರೂಪಿನಲ್ಲಿ ಅದರ ಎಂಟು ಪಟ್ಟು ಜನ.

ಸಾಧನದ ಬಗ್ಗೆಯೂ ಸ್ವಲ್ಪ. ಗೂಗಲ್ ಮೀಟ್‌ನಂತೆ ಎಲ್ಲರೂ ಒಂದೇ ಹೊತ್ತಿಗೆ ಸೇರುವುದು ಒಂದು ಬಗೆ, ಆಡಿಯೋದಂತೆ ಅವರವರ ಹೊತ್ತಿಗೆ ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ ಸಾಲಾಗಿ "ಆಯ್ತು ಮೇಡಂ" ಬೀಳುತ್ತದೆ. ಅದನ್ನು ನಂಬಬೇಡಿ, ನಾನೂ ಸುಮ್ನೆ ಹಾಕಿದ್ದೇನೆ. ಎರಡನೆಯದನ್ನು ನಾಲ್ಕು ಸಲ ಕೇಳಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಬರಹಕ್ಕಿಂತ ದನಿ ನಮಗೆ ಜಾಸ್ತಿ ಒಗ್ಗಲು ಇನ್ನೊಂದು ಕಾರಣವೂ ಇದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಕೋನವೂ ಕೋಣವೂ ಒಂದೇ ಆಗುತ್ತವೆ. ಗಣಿತದ ಹುಡುಗನೊಬ್ಬ "ಕೋಣ ಅಳೆಯುವುದು ಹೇಗೆ" ಎಂದು ಕೇಳಿದ ಹಾಗೆ ಓದಿಕೊಂಡು ಎರಡು ದಿನ ನಕ್ಕಿದ್ದೇವೆ.

ಫೋನೇ ಇಲ್ಲದವರ ಮಾತು ಬರೆಯದಿದ್ದರೆ ಉತ್ತರ ಅರ್ಧವೇ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠ ಹಾಕಿತು. ಟಿವಿಗೆ ತಿರುಗಿ ಪ್ರಶ್ನೆ ಕೇಳಲು ಆಗುವುದಿಲ್ಲ. ಅದೇ ಆಗಸ್ಟ್‌ನಲ್ಲಿ ಬಂದ ವಿದ್ಯಾಗಮದಲ್ಲಿ ಶಿಕ್ಷಕರೇ ಊರಿಗೆ ಹೋಗಿ, ಗುಡಿಯ ಜಗಲಿಯಲ್ಲೋ ಮರದ ಕೆಳಗೋ ಮಕ್ಕಳನ್ನು ಸಣ್ಣ ಗುಂಪು ಮಾಡಿ ಕೂರಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಹೊಸ ವರ್ಷಕ್ಕೆ ಮತ್ತೆ ಶುರುವಾಯಿತು. ನನ್ನ ಮಟ್ಟಿಗೆ ಸಹಪಾಠಿಗಳ ನೆರವಿಗೆ ಆ ಜಗಲಿ ನಮ್ಮ ದೊಡ್ಡ ಗ್ರೂಪಿಗಿಂತ ಒಳ್ಳೆಯ ಜಾಗ.

ಅಂದಹಾಗೆ, ಗೆಳತಿಯನ್ನು ಕೇಳಿ ಆ ಆಡಿಯೋವನ್ನು ಮೂವರಿಗೂ ಕಳಿಸಿದೆ. ಐದು ಜನರ ಒಂದು ಗ್ರೂಪು ಆಯಿತು. ಮರುದಿನವೇ ಒಬ್ಬಳು ಕೇಳಿದಳು: "ಮೂರರಿಂದ ಯಾಕೆ ಭಾಗಿಸಿದ್ದು? ಒಂದು ಪುಸ್ತಕದಲ್ಲಿ ಒಂದು ಕಳೆದು ಎರಡರಿಂದ ಭಾಗಿಸಿದ್ದಾರಲ್ವಾ?" ಕ್ಯಾಂಟೀನಿನಲ್ಲಿ ಎರಡೂ ಪುಸ್ತಕ ಬಿಚ್ಚಿಟ್ಟುಕೊಂಡು ಕೂತೆವು. ಇರುವುದೇ ಆ ಮೂರು ಮಕ್ಕಳಾದರೆ ಮೂರರಿಂದ. ದೊಡ್ಡ ಗುಂಪಿನಿಂದ ಮಾದರಿಗೆಂದು ಆರಿಸಿದ ಮೂವರಾದರೆ ಎರಡರಿಂದ. ಈ ಸಲ ಆಡಿಯೋ ಮಾಡಿದ್ದು ನಾನು.