ಮಾತು ತಡವಾಗಿದ್ದಕ್ಕೆ ಮೂರು ಭಾಷೆಯನ್ನು ದೂರಬೇಡಿ

ಕಾಸರಗೋಡಿನಲ್ಲಿ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುವ ನನಗೆ ಹೆತ್ತವರಿಂದ ಬರುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ, ಇಷ್ಟೆಲ್ಲ ಕೇಳಿ ಗೊಂದಲ ಆಗಿ ಮಗು ಮಾತಾಡ್ತಾ ಇಲ್ವಾ?

ಅಲ್ಲ. ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆ ಮಕ್ಕಳು ತಲೆಮಾರುಗಳಿಂದ ಮೂರು ನಾಲ್ಕು ಭಾಷೆ ಕೇಳುತ್ತಲೇ ಬೆಳೆದಿದ್ದಾರೆ. ಅದರಿಂದ ಯಾರ ಮಾತೂ ನಿಲ್ಲುವುದಿಲ್ಲ. ದಯವಿಟ್ಟು ಅಜ್ಜಿಯ ತುಳು ನಿಲ್ಲಿಸಬೇಡಿ.

ಆಮೇಲೆ ನಾನು ಕೇಳುತ್ತೇನೆ, ಊಟ ಮಾಡಿಸುವಾಗ ಫೋನ್ ಕೊಡ್ತೀರಾ? ಫೋನ್ ಇಲ್ಲದಿದ್ರೆ ಬಾಯೇ ತೆರೆಯಲ್ಲ ಅನ್ನುತ್ತಾರೆ. ನನಗೆ ಚಿಂತೆ ಶುರುವಾಗುವುದು ಇಲ್ಲಿ.

ಮಗು ಅಂಗಳದ ಕಾಗೆಗೆ ಬೆರಳು ತೋರಿಸಿ 'ಆ... ಆ...' ಅನ್ನುತ್ತದೆ. ನೀವು 'ಹೌದು, ಕಾಗೆ ಬಂತು, ಹಾರಿತು' ಅಂತೀರಿ. ಮಗು ನಿಮ್ಮ ಮುಖ ನೋಡುತ್ತದೆ, ಬಾಯಿ ನೋಡುತ್ತದೆ, ಮತ್ತೊಂದು ಸದ್ದು ಮಾಡಿ ನಿಮ್ಮ ಉತ್ತರಕ್ಕೆ ಕಾಯುತ್ತದೆ. ಮಾತು ಹುಟ್ಟುವುದು ಈ ಕೊಡುಕೊಳ್ಳುವಿಕೆಯಲ್ಲಿ. ವಿಡಿಯೋ ಕಾಯುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳು ಎದುರಿಗಿರುವ ಮನುಷ್ಯರಿಂದ ಕಲಿಯುವಷ್ಟು ಪರದೆಯಿಂದ ಕಲಿಯುವುದಿಲ್ಲ. ಹಾಗಾಗಿಯೇ ಇಂಗ್ಲಿಷ್ ಅಕ್ಷರ, ಬಣ್ಣ ಎಲ್ಲ ಪಟಪಟ ಹೇಳುವ ಮಗುವಿಗೆ ಬಾಯಾರಿದಾಗ 'ನೀರು' ಅನ್ನಲು ಬರದೆ ಅಮ್ಮನ ಕೈ ಹಿಡಿದು ಎಳೆಯುವುದನ್ನು ನೋಡುತ್ತೇನೆ, ತುಂಬಾ ಬೇಸರ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 2 ವರ್ಷ ತುಂಬುವವರೆಗೆ ಕೂತು ಪರದೆ ನೋಡುವುದು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು.

ಹಾಗಾದ್ರೆ ಗಲ್ಫ್‌ನಲ್ಲಿರುವ ಅಪ್ಪ? ನಮ್ಮ ಊರಿನಲ್ಲಿ ಇದು ದೊಡ್ಡ ಪ್ರಶ್ನೆ. ವಿಡಿಯೋ ಕಾಲ್ ನಿಲ್ಲಿಸಬೇಡಿ. ಅಲ್ಲಿ ಮಗು ನಕ್ಕರೆ ಅಪ್ಪ ನಗುತ್ತಾನೆ, ಕರೆದರೆ ಓಗೊಡುತ್ತಾನೆ, ಅದು ಕಾರ್ಟೂನ್ ಅಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿ ಅಮ್ಮನೂ ಜೊತೆಗೆ ಮಾತಾಡಿದರೆ ಇನ್ನೂ ಒಳ್ಳೆಯದು.

ದೊಡ್ಡವರ ಫೋನ್ ಕೂಡ ಲೆಕ್ಕಕ್ಕೆ ಬರುತ್ತದೆ. ಮಗು ಕರೆದಾಗ ತಲೆ ಎತ್ತದೆ ಸುಮ್ನೆ 'ಹ್ಞೂಂ' ಅಂದರೆ ಆ ಮಾತುಕತೆ ಅಲ್ಲಿಗೇ ಮುಗಿಯಿತು.

ಫೋನ್ ಬಿಡಿಸುವುದನ್ನು ಊಟದ ಹೊತ್ತಿನಿಂದ ಶುರು ಮಾಡಿ. ಮೊದಮೊದಲು ಅಳು, ಹಟ ಜೋರಾಗಿಯೇ ಇರುತ್ತದೆ, ಎರಡು ತುತ್ತು ಕಡಿಮೆ ತಿಂದರೂ ಪರವಾಗಿಲ್ಲ. ಪರದೆ ನೋಡುತ್ತಾ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ ಅಲ್ವಾ? ಅಜ್ಜಿ ಅಡಿಕೆ ಸುಲಿಯುವಾಗ, ಬಟ್ಟೆ ಮಡಚುವಾಗ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡುವುದನ್ನೇ ಹೇಳುತ್ತಾ ಇರಲಿ.

ಆದರೆ ಎಲ್ಲವನ್ನೂ ಫೋನಿನ ತಲೆಗೆ ಕಟ್ಟಬೇಡಿ. ಆಟಿಸಂ (ಮಾತು, ಜನರೊಂದಿಗೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಗುವಿನ ತಾಯಿಗೆ 'ನೀನು ಫೋನ್ ಕೊಟ್ಟು ಹೀಗಾಯ್ತು' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಟಿಸಂ ಫೋನಿನಿಂದ ಬರುವುದಲ್ಲ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಕೂಡಿಸದಿದ್ದರೆ, 'ಅವನ ಅಪ್ಪನಿಗೂ ತಡವಾಗಿಯೇ ಮಾತು ಬಂದದ್ದು' ಅಂತ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಕೇಳುತ್ತದಾ ಎಂದು ಪರೀಕ್ಷೆ ಮಾಡಿಸಿ.